ತಂತಿ ಜೋತುಬಿದ್ದಿದೆ: ಎಳೆದು ಬಿಗಿಯುವ ಮೊದಲು ದೋಷ ಎಲ್ಲಿದೆ ನೋಡಿ

ಎರಡು ಕಂಬಗಳ ನಡುವೆ ತಂತಿ ಕೆಳಗಿಳಿದಿದೆ ಎಂಬ ದೂರು ಬಂದರೆ ಹೆಚ್ಚಿನ ಕಡೆ ಒಂದೇ ಪರಿಹಾರ: ಲೈನ್ ಆಫ್ ಮಾಡಿ, ತಂತಿ ಎಳೆದು, ಕಟ್ಟಿ ಬರುವುದು. ಕೆಲವು ತಿಂಗಳಲ್ಲಿ ಅದೇ ದೂರು ಮತ್ತೆ ಬರುತ್ತದೆ. ಇಲ್ಲವೆಂದರೆ ಚಳಿಗಾಲದ ಒಂದು ಬೆಳಿಗ್ಗೆ ಲೈನಿನ ಕೊನೆಯ ಕಂಬವೇ ಒಳಕ್ಕೆ ವಾಲಿ ನಿಂತಿರುತ್ತದೆ. ಜೋಲು ಅನ್ನುವುದು ಲಕ್ಷಣ ಮಾತ್ರ. ತಂತಿ ಉದ್ದವಾಗಿದೆಯೋ, ಅದನ್ನು ಹಿಡಿದಿರುವ ತುದಿ ಸರಿದಿದೆಯೋ, ಬಿಸಿಲಿಗೆ ಇಳಿಯಬೇಕಾದಷ್ಟೇ ಇಳಿದಿದೆಯೋ ಎಂದು ತಿಳಿಯದೆ ಎಳೆದರೆ ದೋಷ ಒಂದು ಕಡೆ, ರಿಪೇರಿ ಇನ್ನೊಂದು ಕಡೆ ಆಗುತ್ತದೆ.

ಇಲ್ಲಿರುವುದು 400 ವೋಲ್ಟ್‌ನ ಎಲ್.ಟಿ. (ಕಡಿಮೆ ವೋಲ್ಟೇಜ್) ಮತ್ತು 11 ಕೆ.ವಿ. ಬರಿ ತಂತಿ ಲೈನ್‌ಗಳ ತಪಾಸಣೆ. ಪವರ್‌ಮ್ಯಾನ್‌ಗಳು, ಲೈಸೆನ್ಸ್ ಇರುವ ಗುತ್ತಿಗೆದಾರರು, ಐ.ಟಿ.ಐ. ವಿದ್ಯಾರ್ಥಿಗಳಿಗೆ ಇದು ಉಪಯೋಗಕ್ಕೆ ಬರಬೇಕು. ರೈತರು ಮತ್ತು ಮನೆಯವರು ನೆಲದ ಮೇಲೆ ನಿಂತು ನೋಡುವಷ್ಟನ್ನು ನೋಡಿ, ಕಂಬದ ನಂಬರ್ ಸಮೇತ ಸೆಕ್ಷನ್ ಆಫೀಸಿಗೆ ಅಥವಾ 1912ಕ್ಕೆ ತಿಳಿಸಬೇಕು, ಅಷ್ಟೇ. ಎತ್ತರ ಅಳೆಯಲು ಅಡಿಕೆ ಕೊಯ್ಯುವ ದೋಟಿ ಎತ್ತುವವರಿದ್ದಾರೆ. ಅಲ್ಯೂಮಿನಿಯಂ ಮತ್ತು ಕಾರ್ಬನ್ ಫೈಬರ್ ದೋಟಿ ಎರಡರಲ್ಲೂ ವಿದ್ಯುತ್ ಹರಿಯುತ್ತದೆ, ಹಸಿ ಬಿದಿರಿನಲ್ಲೂ ಹರಿಯುತ್ತದೆ.

ಮೊದಲು ಲೆಕ್ಕ, ಒಂದೇ ಉದಾಹರಣೆಯಲ್ಲಿ

ಒಂದೇ ಮಟ್ಟದ ಎರಡು ಕಂಬಗಳ ನಡುವಿನ ಜೋಲು ಹೀಗೆ ಸಿಗುತ್ತದೆ (ಸ್ಪ್ಯಾನ್ ಎಂದರೆ ಆ ಎರಡು ಕಂಬಗಳ ನಡುವಿನ ದೂರ):

ಜೋಲು = (ಒಂದು ಮೀಟರ್ ತಂತಿಯ ತೂಕ × ಸ್ಪ್ಯಾನ್ × ಸ್ಪ್ಯಾನ್) ÷ (8 × ಎಳೆತ)

ರ‍್ಯಾಬಿಟ್ ಎಂಬ ಹೆಸರಿನ ತಂತಿ ತೆಗೆದುಕೊಳ್ಳೋಣ: 3.35 ಮಿ.ಮೀ.ನ ಆರು ಅಲ್ಯೂಮಿನಿಯಂ ಎಳೆ, ನಡುವೆ ಅಷ್ಟೇ ದಪ್ಪದ ಒಂದು ಉಕ್ಕಿನ ಎಳೆ. ಕಿಲೋಮೀಟರಿಗೆ 214 ಕೆ.ಜಿ., ಅಂದರೆ ಮೀಟರಿಗೆ 0.214 ಕೆ.ಜಿ. ತುಂಡಾಗುವ ಎಳೆತ 18.25 ಕಿಲೋನ್ಯೂಟನ್, ಸುಮಾರು 1860 ಕೆ.ಜಿ. ಸ್ಪ್ಯಾನ್ 60 ಮೀ. ಇದ್ದರೆ ಮೇಲಿನ ಸೂತ್ರ 96.3 ÷ ಎಳೆತ ಎಂದಾಗುತ್ತದೆ. 241 ಕೆ.ಜಿ. ಎಳೆತಕ್ಕೆ ಜೋಲು 0.40 ಮೀ. ಎಳೆತ 120ಕ್ಕೆ ಇಳಿದರೆ 0.80 ಮೀ.

ಇನ್ನು ಎರಡನೇ ಸೂತ್ರ. ನೇರ ಗೆರೆಗಿಂತ ತಂತಿ ಎಷ್ಟು ಉದ್ದ ಇದೆ ಎಂಬುದಕ್ಕೆ:

ಹೆಚ್ಚುವರಿ ಉದ್ದ = (8 × ಜೋಲು × ಜೋಲು) ÷ (3 × ಸ್ಪ್ಯಾನ್)

60 ಮೀ.ಗೆ 0.40 ಮೀ. ಜೋಲು ಇದ್ದಾಗ ಹೆಚ್ಚುವರಿ ಉದ್ದ ಬರೀ 7 ಮಿ.ಮೀ. ಜೋಲು 0.91 ಮೀ. ಆದಾಗ 37 ಮಿ.ಮೀ. ಜೋಲು ಎರಡು ಪಟ್ಟು ಮೀರಿ ಬೆಳೆಯಲು 60 ಮೀಟರ್ ತಂತಿಗೆ ಸಿಗಬೇಕಾದದ್ದು 30 ಮಿ.ಮೀ., ಒಂದು ಇಂಚಿಗಿಂತ ತುಸು ಹೆಚ್ಚು. ಈ ಇಂಚು ಎಲ್ಲಿಂದ ಬಂತು ಎಂದು ಹುಡುಕುವುದೇ ಇಡೀ ತಪಾಸಣೆ.

ಮೊದಲ ಅನುಮಾನ ಬಿಸಿಲಿನ ಮೇಲೆ. ಈ ತಂತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 19.1 ಭಾಗ ಹಿಗ್ಗುತ್ತದೆ. ಬೆಳಿಗ್ಗೆ ತಂತಿ 20 ಡಿಗ್ರಿಯಲ್ಲಿದ್ದು 0.40 ಮೀ. ಜೋಲಿದೆ ಎಂದುಕೊಳ್ಳಿ. ಮಧ್ಯಾಹ್ನದ ಬಿಸಿಲು, ಪಂಪ್‌ಸೆಟ್ ಲೋಡ್ ಎರಡೂ ಸೇರಿ ತಂತಿ 60 ಡಿಗ್ರಿಗೆ ಬಂದರೆ 60 ಮೀ.ಗೆ 45.8 ಮಿ.ಮೀ. ಹಿಗ್ಗುತ್ತದೆ. ಹಿಗ್ಗಿದಾಗ ಎಳೆತ ಇಳಿಯುತ್ತದೆ, ಎಳೆತ ಇಳಿದಾಗ ತಂತಿ ರಬ್ಬರಿನಂತೆ ತುಸು ಕುಗ್ಗುತ್ತದೆ. ಇಲ್ಲಿ 241ರಿಂದ 106 ಕೆ.ಜಿ.ಗೆ ಇಳಿದು 16.3 ಮಿ.ಮೀ. ಕುಗ್ಗುತ್ತದೆ. ಉಳಿದದ್ದು 29.5 ಮಿ.ಮೀ. ಈ ಉಳಿಕೆಯೇ ಜೋಲನ್ನು 0.40ರಿಂದ 0.91 ಮೀ.ಗೆ ಇಳಿಸುತ್ತದೆ. ಹಿಗ್ಗಿದ್ದು, ಕುಗ್ಗಿದ್ದು, ಜೋಲಿಗೆ ಬೇಕಾದ ಉದ್ದ ಮೂರೂ ತಾಳೆಯಾಗುವ ತನಕ ಎಳೆತದ ಅಂಕಿಯನ್ನು ಬದಲಿಸುತ್ತಾ ಹೋದರೆ ಉತ್ತರ ಸಿಗುತ್ತದೆ. ಎಕ್ಸೆಲ್‌ನಲ್ಲಿ ಹತ್ತು ನಿಮಿಷದ ಕೆಲಸ. ಕುಗ್ಗುವಿಕೆಗೆ ಬೇಕಾದ ಸ್ಥಿತಿಸ್ಥಾಪಕಾಂಕ 79 ಗಿಗಾಪಾಸ್ಕಲ್, ಅಡ್ಡಕೊಯ್ತದ ವಿಸ್ತೀರ್ಣ 61.7 ಚದರ ಮಿ.ಮೀ. ಗಾಳಿಯ ಒತ್ತಡ ಸೇರಿಸದೆ ಬರುವ ಪಟ್ಟಿ ಇದು:

10 ಡಿಗ್ರಿ: ಎಳೆತ 312 ಕೆ.ಜಿ., ಜೋಲು 0.31 ಮೀ.
20 ಡಿಗ್ರಿ: 241 ಕೆ.ಜಿ., 0.40 ಮೀ.
30 ಡಿಗ್ರಿ: 186 ಕೆ.ಜಿ., 0.52 ಮೀ.
40 ಡಿಗ್ರಿ: 148 ಕೆ.ಜಿ., 0.65 ಮೀ.
50 ಡಿಗ್ರಿ: 123 ಕೆ.ಜಿ., 0.78 ಮೀ.
60 ಡಿಗ್ರಿ: 106 ಕೆ.ಜಿ., 0.91 ಮೀ.

ಇದು ತಂತಿಯ ಬಿಸಿ, ಗಾಳಿಯ ಬಿಸಿ ಅಲ್ಲ. ಏಪ್ರಿಲ್ ಮಧ್ಯಾಹ್ನ ಬಂದ ದೂರಿಗೆ 0.9 ಮೀ. ಜೋಲು ಕಂಡರೆ ಆ ಲೈನಿನಲ್ಲಿ ದೋಷವೇ ಇಲ್ಲದಿರಬಹುದು. ಈ ಪಟ್ಟಿ ಈ ಸ್ಪ್ಯಾನ್, ಈ ತಂತಿ, ಈ ಆರಂಭದ ಬಿಗಿತಕ್ಕೆ ಮಾತ್ರ. ನಿಮ್ಮ ಲೈನಿಗೆ ನಿಮ್ಮ ಅಂಕಿ ಹಾಕಿಕೊಳ್ಳಿ.

ಎಲ್ಲ ಕಾರಣಗಳನ್ನೂ ಒಂದೇ ಅಳತೆಗೆ ತಂದರೆ ಹೋಲಿಕೆ ಸುಲಭ. 60 ಮೀ. ಸ್ಪ್ಯಾನಿನಲ್ಲಿ 1 ಡಿಗ್ರಿ ಬಿಸಿ ಎಂದರೆ 1.15 ಮಿ.ಮೀ. ಉದ್ದ. ಒಂದು ಕಂಬದ ತುದಿ ಪಕ್ಕದ ಕಂಬದ ಕಡೆಗೆ 30 ಮಿ.ಮೀ. ವಾಲಿದರೆ ಅದು 26 ಡಿಗ್ರಿ ಬಿಸಿಗೆ ಸಮ: ಬೆಳಗಿನ 20 ಡಿಗ್ರಿಯಲ್ಲೇ ತಂತಿ 46 ಡಿಗ್ರಿಯಲ್ಲಿದ್ದಂತೆ 0.73 ಮೀ. ಜೋಲುತ್ತದೆ. ಹೊಸ ಅಲ್ಯೂಮಿನಿಯಂ ತಂತಿ ಎಳೆತದಲ್ಲೇ ಇದ್ದು ಇದ್ದು ಕಾಯಂ ಉದ್ದವಾಗುತ್ತದೆ. ಲಕ್ಷಕ್ಕೆ 30 ಭಾಗ ಉದ್ದವಾದರೂ 60 ಮೀ.ಗೆ 18 ಮಿ.ಮೀ., ಸುಮಾರು 16 ಡಿಗ್ರಿಗೆ ಸಮ, ಜೋಲು 0.59 ಮೀ. ಲೈನಿನ ತುದಿಯಲ್ಲಿ ತಂತಿಯನ್ನು ಹಿಡಿದಿರುವ ಡೆಡ್ ಎಂಡ್ ಕ್ಲಾಂಪ್‌ನಲ್ಲಿ ತಂತಿ ಅರ್ಧ ಇಂಚು ಜಾರಿದರೆ 11 ಡಿಗ್ರಿ.

ಜೋಲು ಅಳೆಯುವುದು

ಅಳತೆ ಸರಿ ಇಲ್ಲದಿದ್ದರೆ ಮೇಲಿನ ಲೆಕ್ಕ ದಂಡ. ಮೊದಲು ಸ್ಪ್ಯಾನನ್ನು ಟೇಪ್ ಹಿಡಿದು ಅಳೆಯಿರಿ, ಹೆಜ್ಜೆ ಎಣಿಸಬೇಡಿ. ಸೂತ್ರದಲ್ಲಿ ಸ್ಪ್ಯಾನ್ ಎರಡು ಸಲ ಗುಣಿಸಿರುವುದರಿಂದ 60ಕ್ಕೆ 2 ಮೀ. ತಪ್ಪಾದರೆ ಜೋಲು ನೂರಕ್ಕೆ 7ರಷ್ಟು ತಪ್ಪುತ್ತದೆ.

ಲೈನ್ ಚಾಲೂ ಇರುವಾಗ ನೆಲದಿಂದ ಅಲ್ಟ್ರಾಸಾನಿಕ್ ಕೇಬಲ್ ಹೈಟ್ ಮೀಟರ್‌ನಂಥ, ತಂತಿ ಮುಟ್ಟದೆ ಅಳೆಯುವ ಸಾಧನವೇ ಸುರಕ್ಷಿತ. ಎರಡು ಕಂಬದ ಬಳಿ ತಂತಿಯ ಎತ್ತರ, ನಡುವಿನಲ್ಲಿ ಎತ್ತರ ಮತ್ತು ನೆಲದ ಏರಿಳಿತ ಮೂರೂ ಬೇಕು.

ಎಲ್.ಸಿ. (ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿಸಿ ಕೆಲಸಕ್ಕೆ ಪಡೆಯುವ ಅನುಮತಿ) ತೆಗೆದುಕೊಂಡು, ಎರಡೂ ಕಡೆ ಅರ್ಥ್ ಮಾಡಿದ ಮೇಲೆ ಎರಡು ವಿಧಾನಗಳಿವೆ. ಒಂದು ಗುರಿ ನೋಡುವುದು: ತಂತಿಯ ಕಟ್ಟಿನಿಂದ, ಮೇಲಿನ ಪಟ್ಟಿಯಲ್ಲಿ ಬಂದ ಜೋಲಿನಷ್ಟು ಕೆಳಗೆ ಎರಡೂ ಕಂಬಕ್ಕೆ ಒಂದೊಂದು ಮರದ ರೀಪು ಅಡ್ಡ ಕಟ್ಟಿ, ಒಂದರ ಮೇಲಂಚಿನಿಂದ ಇನ್ನೊಂದರ ಮೇಲಂಚಿಗೆ ಕಣ್ಣು ಹಾಕಿದರೆ ತಂತಿಯ ಹೊಟ್ಟೆ ಆ ಗೆರೆಗೆ ತಾಗಿರಬೇಕು. ಕಂಬಗಳು ಏರು ತಗ್ಗಿನಲ್ಲಿದ್ದರೂ ಇದು ನಡೆಯುತ್ತದೆ. ಅಂಥ ಕಡೆ ಜೋಲು ಅಳೆಯಬೇಕಾದದ್ದು ಎರಡು ಕಟ್ಟುಗಳನ್ನು ಸೇರಿಸುವ ಓರೆ ಗೆರೆಯಿಂದ ನಟ್ಟನಡುವೆ ಕೆಳಕ್ಕೆ. ತಂತಿಯ ಅತಿ ತಗ್ಗಿನ ಜಾಗ ಹುಡುಕಿ ಅಳೆದರೆ ಅಂಕಿ ತಪ್ಪು ಬರುತ್ತದೆ.

ಇನ್ನೊಂದು ವಿಧಾನಕ್ಕೆ ಸ್ಟಾಪ್‌ವಾಚ್ ಸಾಕು. ಕಂಬದಿಂದ ಸುಮಾರು ಒಂದು ಮೀ. ದೂರದಲ್ಲಿ ತಂತಿಯ ಮೇಲೆ ಒಣ ಹಗ್ಗ ಹಾಕಿ ಒಮ್ಮೆ ಜಗ್ಗಿ, ಕೂಡಲೇ ಗಡಿಯಾರ ಒತ್ತಿ. ಅಲೆ ಆಚೆ ಕಂಬಕ್ಕೆ ಹೋಗಿ ಮರಳಿ ಬಂದಾಗ ಹಗ್ಗ ಹಿಡಿದ ಕೈಗೆ ಜುಮ್ಮೆಂದು ತಿಳಿಯುತ್ತದೆ. ಮೂರನೇ ಮರಳಿಕೆಗೆ ನಿಲ್ಲಿಸಿ.

ಜೋಲು (ಮೀ.) = 0.034 × ಸೆಕೆಂಡ್ × ಸೆಕೆಂಡ್

3.43 ಸೆಕೆಂಡ್ ಬಂದರೆ 0.40 ಮೀ., 5.17 ಬಂದರೆ 0.91 ಮೀ. ತಂತಿಯ ತೂಕ, ಸ್ಪ್ಯಾನ್ ಯಾವುದೂ ಬೇಡ. ಎರಡೂ ಲೆಕ್ಕದಲ್ಲಿ ಹೊಡೆದುಹೋಗುತ್ತವೆ. 0.1 ಸೆಕೆಂಡ್ ಕೈ ತಡವಾದರೆ 0.40ರಲ್ಲಿ ಎರಡೂವರೆ ಸೆಂ.ಮೀ. ತಪ್ಪು, ಆದ್ದರಿಂದ ಮೂರು ಸಲ ಮಾಡಿ ಸರಾಸರಿ ಹಿಡಿಯಿರಿ. ಗಾಳಿ ಇದ್ದರೆ, ತಂತಿಗಳನ್ನು ಬೇರೆಬೇರೆಯಾಗಿ ಹಿಡಿಯುವ ಸ್ಪೇಸರ್ ನಡುವೆ ಕಟ್ಟಿದ್ದರೆ, ಕೊಂಬೆ ತಾಗಿದ್ದರೆ ಈ ವಿಧಾನ ಬೇಡ.

ತಂತಿಯ ಬಿಸಿ ತಿಳಿಯಲು ಅದೇ ತಂತಿಯ ಒಂದು ತುಂಡಿಗೆ ಥರ್ಮಾಮೀಟರ್ ಕಟ್ಟಿ, ಕಂಬದ ಮೇಲೆ ಬಿಸಿಲಲ್ಲಿ ಅರ್ಧ ಗಂಟೆ ತೂಗಹಾಕಿ. ಲೈನ್ ಆಫ್ ಆಗಿ ಅಷ್ಟು ಹೊತ್ತಾಗಿದ್ದರೆ ಎರಡರ ಬಿಸಿಯೂ ಒಂದೇ.

ಯಾವ ತಂತಿ, ಯಾವ ಸ್ಪ್ಯಾನ್: ಇದೇ ದಾರಿ ತೋರಿಸುತ್ತದೆ

ಅಳೆದ ಜೋಲು ಪಟ್ಟಿಯ ಅಂಕಿಗಿಂತ ನೂರಕ್ಕೆ 10ಕ್ಕೂ ಹೆಚ್ಚು ಆಚೀಚೆ ಇದ್ದರೆ ಹುಡುಕಾಟ ಶುರುಮಾಡಿ. ಮೇಲೆ ಹತ್ತುವ ಮೊದಲು ಲೈನಿನ ಉದ್ದಕ್ಕೂ ಒಮ್ಮೆ ನಡೆದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಒಂದೇ ಫೇಸ್ ಇಳಿದಿದೆ, ಉಳಿದವು ಸರಿ ಇವೆ. ಕಂಬ, ಸ್ಟೇ (ಕಂಬವನ್ನು ನೆಲಕ್ಕೆ ಎಳೆದು ಹಿಡಿದಿರುವ ಓರೆ ತಂತಿ) ನೋಡುತ್ತ ಸಮಯ ಕಳೆಯಬೇಡಿ. ಅವು ಸರಿದಿದ್ದರೆ ಎಲ್ಲ ತಂತಿಯೂ ಇಳಿಯುತ್ತಿತ್ತು. ಆ ಫೇಸಿನ ಡೆಡ್ ಎಂಡ್ ಕ್ಲಾಂಪ್ ನೋಡಿ: ಜಾರಿದ ತಂತಿಯ ಮೇಲೆ ಕ್ಲಾಂಪ್ ಕೂತಿದ್ದ ಜಾಗ ಹೊಳೆಯುತ್ತಿರುತ್ತದೆ. ನಂತರ ಪಿನ್ ಇನ್ಸುಲೇಟರ್ ಅಥವಾ ಶಾಕಲ್ ಇನ್ಸುಲೇಟರ್ ಮೇಲೆ ತಂತಿ ಕಟ್ಟಿರುವ ಬೈಂಡಿಂಗ್, ಆಮೇಲೆ ನಡುವಿನ ಜಾಯಿಂಟ್. ಕಡಿದ ತಂತಿಗೆ ತುಂಡು ಸೇರಿಸುವಾಗ ನಾಲ್ಕು ಬೆರಳು ಹೆಚ್ಚಾಗಿ ಬಿಟ್ಟಿದ್ದರೆ ಜೋಲಿನಲ್ಲಿ ಅದು ದೊಡ್ಡದಾಗಿ ಕಾಣುತ್ತದೆ. ಸೇರಿಸಿದ ತುಂಡು ಬೇರೆ ಜಾತಿಯದ್ದೇ ಎಂದೂ ನೋಡಿ. ವೀಸೆಲ್ ಎಂಬ ಸಣ್ಣ ತಂತಿ ಕಿಲೋಮೀಟರಿಗೆ 128 ಕೆ.ಜಿ. ಮಾತ್ರ; ರ‍್ಯಾಬಿಟ್ ಲೈನಿನ ಒಂದು ಫೇಸಿನಲ್ಲಿ ಅದು ಸೇರಿದ್ದರೆ ಮೂರನ್ನೂ ಬೆಳಿಗ್ಗೆ ಸಮ ಮಾಡಿದರೂ ಲೋಡ್ ಬಂದಾಗ ಸಣ್ಣ ತಂತಿ ಹೆಚ್ಚು ಬಿಸಿಯಾಗಿ ಮತ್ತೆ ಬೇರೆಯಾಗುತ್ತವೆ.

ಈ ದೋಷ ಚಿಕ್ಕದೆಂದು ಬಿಡುವ ಹಾಗಿಲ್ಲ. ಜೋಲು ಒಂದೇ ಇರುವ ತಂತಿಗಳು ಗಾಳಿಗೆ ಹೆಚ್ಚುಕಡಿಮೆ ಜೊತೆಯಾಗಿ ತೂಗುತ್ತವೆ. ಜೋಲು ಬೇರೆಯಾದರೆ ತೂಗುವ ಅವಧಿಯೂ ಬೇರೆಯಾಗಿ, ಒಂದು ಬಲಕ್ಕೆ ಹೋಗುವಾಗ ಇನ್ನೊಂದು ಎಡಕ್ಕೆ ಬಂದು ನಡುವಿನಲ್ಲಿ ಬಡಿಯುತ್ತವೆ. ಕಿಡಿಯ ಜೊತೆ ಕರಗಿದ ಅಲ್ಯೂಮಿನಿಯಂ ಹನಿ ಉದುರುತ್ತದೆ. ಕೆಳಗೆ ಕಟಾವಿಗೆ ಬಂದ ಕಬ್ಬಿದ್ದರೆ ಒಣ ರವದಿಗೆ ಅದು ಸಾಕು. ತಂತಿಯ ನಡುವಿನಲ್ಲಿ ಸಾಲಾಗಿ ಸುಟ್ಟ ಚುಕ್ಕೆ, ಕಚ್ಚು ಕಂಡರೆ ಬಡಿದಾಟ ನಡೆದಿದೆ ಎಂದೇ ಅರ್ಥ. ಎಳೆ ಕಡಿದಿದ್ದರೆ ಆ ತುಂಡನ್ನು ಬದಲಿಸಿ. ಸ್ಪೇಸರ್ ಕಟ್ಟುವುದು ತತ್ಕಾಲಕ್ಕೆ ಸರಿ, ಜೋಲು ಸಮ ಮಾಡುವ ಕೆಲಸ ಬಾಕಿಯೇ ಇರುತ್ತದೆ.

ಎಲ್ಲ ತಂತಿಯೂ ಇಳಿದಿವೆ, ಆದರೆ ಒಂದೇ ಸ್ಪ್ಯಾನಿನಲ್ಲಿ. ಪಕ್ಕದ ಸ್ಪ್ಯಾನ್ ಬಿಗಿ. ಉದ್ದ ಎಲ್ಲೂ ಹೆಚ್ಚಿಲ್ಲ, ಪಕ್ಕದಿಂದ ಇಲ್ಲಿಗೆ ಬಂದಿದೆ. ನಡುವಿನ ಕಂಬ ವಾಲಿದೆ, ಕ್ರಾಸ್ ಆರ್ಮ್ (ಕಂಬದ ತುದಿಯ ಅಡ್ಡಪಟ್ಟಿ) ತಿರುಗಿದೆ ಅಥವಾ ಪಿನ್ ಬಗ್ಗಿದೆ. ಕಂಬ ವಾಲಿದ್ದು ಕಣ್ಣಿಗೆ ಕಾಣುತ್ತದೆ ಎಂದು ನಂಬಬೇಡಿ: ಆರೂವರೆ ಮೀ. ಎತ್ತರದಲ್ಲಿ 30 ಮಿ.ಮೀ. ಎಂದರೆ ಕಾಲು ಡಿಗ್ರಿ. ದೂರ ನಿಂತು, ಗಾರೆಯವರ ತೂಗುಗುಂಡಿನ ದಾರವನ್ನು ಕಂಬದ ಬುಡಕ್ಕೆ ಹೊಂದಿಸಿ ತುದಿ ನೋಡಿ. ಬುಡದಲ್ಲಿ ಮಣ್ಣು ಒಂದು ಪಕ್ಕ ಬಿರುಕು ಬಿಟ್ಟು ಇನ್ನೊಂದು ಪಕ್ಕ ಉಬ್ಬಿದ್ದರೆ ಅನುಮಾನವೇ ಬೇಡ. ಎರೆ ಮಣ್ಣಿನಲ್ಲಿ ಬೇಸಿಗೆಗೆ ಬಿರಿದು ಮಳೆಗೆ ಉಬ್ಬುವ ಆಟದಲ್ಲಿ ಕಂಬ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಸರಿಯುತ್ತದೆ.

ಎಲ್ಲ ತಂತಿಯೂ, ಸಾಲಾಗಿ ಹಲವು ಸ್ಪ್ಯಾನ್‌ಗಳಲ್ಲಿ ಇಳಿದಿವೆ. ತುದಿಯ ಕಂಬದಿಂದ ಶುರುಮಾಡಿ. ತುದಿಯ ಹತ್ತಿರದ ಸ್ಪ್ಯಾನಿನಲ್ಲಿ ಹೆಚ್ಚು, ದೂರ ಹೋದಂತೆ ಕಡಿಮೆ ಇದ್ದರೆ ತುದಿಯ ಕಂಬ ಅಥವಾ ಅದರ ಸ್ಟೇ ಸರಿದಿದೆ. ಪಿನ್ನಿಗೆ ಬಿಗಿದು ಕಟ್ಟಿದ ತಂತಿಯಲ್ಲಿ ಸಡಿಲ ಒಮ್ಮೆಗೇ ಉದ್ದಕ್ಕೂ ಹಂಚಿಕೆಯಾಗುವುದಿಲ್ಲ. ಎಲ್ಲ ಸ್ಪ್ಯಾನಿನಲ್ಲೂ ಸಮನಾಗಿ ಇಳಿದಿದ್ದು ಲೈನ್ ಹೊಸದಾಗಿದ್ದರೆ ತಂತಿ ಕಾಯಂ ಉದ್ದವಾಗಿದೆ. ಲೈನ್ ಹಳೆಯದಾಗಿದ್ದು ಮೂರು ಫೇಸ್ ಸಪ್ಲೈ ಇರುವ ಹೊತ್ತಿನಲ್ಲೇ ಇಳಿದು ಆಮೇಲೆ ಏರಿದರೆ ಲೋಡ್ ಹೆಚ್ಚಾಗಿದೆ; ಆಗ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಬಳಿ ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಾಕಿ ಆಂಪಿಯರ್ ನೋಡಬೇಕೇ ಹೊರತು ತಂತಿ ಮುಟ್ಟಬಾರದು.

ಸ್ಟೇ ತಪಾಸಣೆಗೆ ಸ್ವಲ್ಪ ಹೆಚ್ಚು ಸಮಯ ಕೊಡಿ, ಹಳ್ಳಿ ಲೈನ್‌ಗಳಲ್ಲಿ ತಪ್ಪಿತಸ್ಥ ಬಹುಪಾಲು ಅದೇ. ಉಳುಮೆಗೆ ಅಡ್ಡವೆಂದು ಬಿಚ್ಚಿದ್ದು, ಟ್ರ್ಯಾಕ್ಟರ್ ತಾಗಿದ್ದು, ಬದು ತೆಗೆಯುವಾಗ ಜೆ.ಸಿ.ಬಿ. ಸ್ಟೇ ಪಕ್ಕದ ಮಣ್ಣು ಬಗೆದದ್ದು ಎಲ್ಲವೂ ಉಂಟು. ಸ್ಟೇ ರಾಡ್ ಮೇಲೆದ್ದಿದ್ದರೆ ನೆಲದೊಳಗಿದ್ದ ಭಾಗಕ್ಕೆ ಮಣ್ಣಿನ ಬಣ್ಣ, ಮೇಲಿದ್ದ ಭಾಗಕ್ಕೆ ತುಕ್ಕಿನ ಬಣ್ಣ ಇರುತ್ತದೆ. ಆ ಗಡಿ ನೆಲದಿಂದ ಎಷ್ಟು ಮೇಲಿದೆಯೋ ಅಷ್ಟು ಎದ್ದಿದೆ. ಸ್ಟೇ ಎಷ್ಟು ಹೊರುತ್ತದೆ ಎಂಬ ಲೆಕ್ಕವೂ ಇರಲಿ: ಮೂರು ರ‍್ಯಾಬಿಟ್ ತಂತಿಗಳು 10 ಡಿಗ್ರಿಯಲ್ಲಿ 312ರಂತೆ 936 ಕೆ.ಜಿ. ಅಡ್ಡ ಎಳೆಯುತ್ತವೆ. ಸ್ಟೇ ಕಂಬಕ್ಕೆ 45 ಡಿಗ್ರಿಯಲ್ಲಿದ್ದರೆ ಅದರ ಮೇಲೆ 1324 ಕೆ.ಜಿ., ಜಾಗ ಇಲ್ಲವೆಂದು 30 ಡಿಗ್ರಿಗೆ ಹತ್ತಿರ ಹೂತಿದ್ದರೆ 1872 ಕೆ.ಜಿ. ಹೀಗೆ ಹತ್ತಿರಕ್ಕೆ ಹೂತ ಸ್ಟೇ ಮೇಲೆದ್ದು ಬರುವುದರಲ್ಲಿ ಆಶ್ಚರ್ಯವಿಲ್ಲ.

ಮರದ ಭಾರ. 60 ಮೀ. ತಂತಿಯ ಒಟ್ಟು ತೂಕವೇ 12.8 ಕೆ.ಜಿ. ನಟ್ಟನಡುವೆ 10 ಕೆ.ಜಿ.ಯ ತೆಂಗಿನ ಗರಿ ಅಥವಾ ಕೊಂಬೆ ನೇತುಬಿದ್ದರೆ ಅದರ ಪರಿಣಾಮ ತಂತಿಯ ಸ್ವಂತ ತೂಕದ್ದಕ್ಕಿಂತ ಒಂದೂವರೆ ಪಟ್ಟು. ತೆಗೆದ ಮೇಲೂ ಜೋಲು ಉಳಿದರೆ ಬೈಂಡಿಂಗ್ ಅಥವಾ ಕ್ಲಾಂಪ್ ಜಾರಿರಬಹುದು.

ಜೋಲು ಸರಿಯಿದೆ, ಎತ್ತರ ಕಡಿಮೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಂತೆ ಎಲ್.ಟಿ. ತಂತಿ ರಸ್ತೆ ದಾಟುವಲ್ಲಿ 5.8 ಮೀ., ರಸ್ತೆ ಪಕ್ಕ 5.5 ಮೀ., ಬೇರೆ ಕಡೆ ಬರಿ ತಂತಿ 4.6 ಮೀ.ಗಿಂತ ಕೆಳಗಿರಬಾರದು. 11 ಕೆ.ವಿ.ಗೆ ರಸ್ತೆ ದಾಟುವಲ್ಲಿ 6.1, ಪಕ್ಕದಲ್ಲಿ 5.8 ಮೀ. ಈ ಎತ್ತರ ನೋಡಬೇಕಾದದ್ದು ತಂತಿ ಅತ್ಯಂತ ಬಿಸಿಯಾಗಿದ್ದಾಗ. 8 ಮೀ. ಕಂಬ ಆರನೇ ಒಂದು ಭಾಗ ಹೂತ ಮೇಲೆ ಹೊರಗೆ ಉಳಿಯುವುದು 6.7 ಮೀ.ಗಿಂತ ಕಡಿಮೆ; ಅದರಲ್ಲಿ ಕ್ರಾಸ್ ಆರ್ಮ್‌ನ ಜಾಗ, 0.91 ಮೀ. ಜೋಲು ಕಳೆದರೆ ರಸ್ತೆ ದಾಟಲು ಆ ಕಂಬ ಸಾಲದು. ಎಷ್ಟೋ ಕಡೆ ತಂತಿ ಇಳಿದೇ ಇರುವುದಿಲ್ಲ, ಪದರದ ಮೇಲೆ ಪದರ ಟಾರು ಹಾಕಿ ರಸ್ತೆಯೇ ಏರಿರುತ್ತದೆ. ಇಂಥ ಕಡೆ ಬಿಗಿಯುವುದಲ್ಲ, ಎತ್ತರದ ಕಂಬ ಬೇಕು. ಸ್ಪ್ಯಾನ್ ತೀರಾ ಉದ್ದವಾಗಿದ್ದರೂ ಹಾಗೆಯೇ: 106 ಕೆ.ಜಿ. ಎಳೆತಕ್ಕೆ 60 ಮೀ.ನಲ್ಲಿ 0.91 ಇದ್ದ ಜೋಲು 90 ಮೀ.ನಲ್ಲಿ 2.04 ಆಗುತ್ತದೆ. ನಡುವೆ ಒಂದು ಕಂಬ ನಿಲ್ಲಿಸಿದರೆ ಅದೇ ಎಳೆತಕ್ಕೆ ಜೋಲು ಕಾಲು ಭಾಗಕ್ಕೆ ಇಳಿಯುತ್ತದೆ.

ಮಧ್ಯಾಹ್ನ ಬಿಗಿದರೆ ಏನಾಗುತ್ತದೆ

60 ಡಿಗ್ರಿಯಲ್ಲಿ 0.91 ಮೀ. ಇರುವ, ದೋಷವೇ ಇಲ್ಲದ ತಂತಿಯನ್ನು ಯಾರೋ ಮಧ್ಯಾಹ್ನ 0.40ಕ್ಕೆ ಎಳೆದು ಕಟ್ಟಿದರು ಎಂದುಕೊಳ್ಳಿ. ನೋಡಲು ಅಚ್ಚುಕಟ್ಟು. ತಂತಿ 10 ಡಿಗ್ರಿಗೆ ತಣಿದಾಗ ಎಳೆತ 312ರ ಬದಲು 664 ಕೆ.ಜಿ., ಜೋಲು ಬರೀ 15 ಸೆಂ.ಮೀ. ತುಂಡಾಗುವ ಎಳೆತದ ನೂರಕ್ಕೆ 36 ಅದು. 1956ರ ವಿದ್ಯುತ್ ನಿಯಮಗಳು 32 ಡಿಗ್ರಿಯಲ್ಲಿ, ಗಾಳಿ ಇಲ್ಲದಾಗ, ನೆಲೆಗೊಂಡ ತಂತಿಗೆ ಹಾಕಿದ್ದ ಮಿತಿ ನೂರಕ್ಕೆ 25. ತಂತಿ ಅಂದೇ ತುಂಡಾಗುವುದಿಲ್ಲ. ಕೊನೆಯ ಕಂಬದ ಮೇಲೆ ಮೂರು ತಂತಿ ಸೇರಿ ಸುಮಾರು 2 ಟನ್ ಬೀಳುತ್ತದೆ, ಸ್ಟೇ ಎದ್ದು ಬರುತ್ತದೆ, ಕಂಬ ವಾಲುತ್ತದೆ, ಬೇಸಿಗೆಗೆ ಜೋಲು ಮೊದಲಿಗಿಂತ ಹೆಚ್ಚಾಗುತ್ತದೆ. ಪ್ರತಿ ವರ್ಷ ಎಳೆಸಿಕೊಳ್ಳುವ ಲೈನ್‌ಗಳ ಕಥೆ ಇದು.

ಸರಿಪಡಿಸುವ ಕ್ರಮ

ಎಲ್.ಸಿ. ಪಡೆದು, ಟೆಸ್ಟರ್‌ನಿಂದ ಖಚಿತ ಮಾಡಿಕೊಂಡು, ಕೆಲಸದ ಜಾಗದ ಎರಡೂ ಕಡೆ ಡಿಸ್ಚಾರ್ಜ್ ರಾಡ್ ಹಾಕಿ. ಒಂದೇ ಕಡೆ ಹಾಕಿದರೆ ಮನೆಯ ಜನರೇಟರ್, ಸೋಲಾರ್‌ನಿಂದ ಹಿಂದಕ್ಕೆ ಬರುವ ಕರೆಂಟ್ ಇನ್ನೊಂದು ಕಡೆಯಿಂದ ಬರಬಹುದು. ತಂತಿ ಬಿಚ್ಚುವ ಮೊದಲು ತುದಿ ಕಂಬಕ್ಕೆ ತಾತ್ಕಾಲಿಕ ಸ್ಟೇ ಕೊಡಿ. ಒಂದು ಪಕ್ಕದ ಎಳೆತ ತಪ್ಪಿದ ಕೂಡಲೇ ಕಂಬ ಇನ್ನೊಂದು ಪಕ್ಕಕ್ಕೆ ಬೀಳುತ್ತದೆ, ಆಗ ಮೇಲೆ ಆಳಿರುತ್ತಾನೆ.

ಮೊದಲು ತುದಿಗಳನ್ನು ಸರಿಮಾಡಿ: ಸ್ಟೇ, ಕಂಬ, ಕ್ರಾಸ್ ಆರ್ಮ್, ಕ್ಲಾಂಪ್, ಈ ಕ್ರಮದಲ್ಲಿ. ಕಂಬ ನೆಟ್ಟಗಾದ ಮೇಲೆ ಜೋಲು ಮತ್ತೆ ಅಳೆಯಿರಿ, ಅನೇಕ ಸಲ ತಂತಿ ಎಳೆಯುವ ಕೆಲಸವೇ ಉಳಿಯುವುದಿಲ್ಲ. ಉಳಿದರೆ ತಂತಿಯ ಬಿಸಿ ನೋಡಿ, ಆ ಬಿಸಿಗೆ ಪಟ್ಟಿಯಲ್ಲಿರುವ ಜೋಲಿಗೆ ಮಾತ್ರ ಎಳೆಯಿರಿ. ಹಲವು ಸ್ಪ್ಯಾನ್ ಒಟ್ಟಿಗೆ ಎಳೆಯುವಾಗ ಸರಾಸರಿ ಸ್ಪ್ಯಾನ್ ಹಿಡಿಯಬಾರದು. ಪ್ರತಿ ಸ್ಪ್ಯಾನಿನ ಘನಗಳ ಮೊತ್ತವನ್ನು ಸ್ಪ್ಯಾನ್‌ಗಳ ಮೊತ್ತದಿಂದ ಭಾಗಿಸಿ ವರ್ಗಮೂಲ ತೆಗೆಯಿರಿ: 50, 60, 70 ಮೀ. ಇದ್ದರೆ 61.6 ಮೀ. ಬರುತ್ತದೆ. ಅದಕ್ಕೆ ಪಟ್ಟಿ ಮಾಡಿ, 70 ಮೀ. ಸ್ಪ್ಯಾನಿಗೆ ಆ ಜೋಲಿನ 1.29 ಪಟ್ಟು, 50ಕ್ಕೆ 0.66 ಪಟ್ಟು ಇಡಿ. ನಡುವಿನ ಬೈಂಡಿಂಗ್ ಎಲ್ಲ ಬಿಚ್ಚಿ ತಂತಿಯನ್ನು ರೋಲರ್ ಮೇಲೆ ಕೂರಿಸದೆ ಎಳೆದರೆ ಎಳೆದದ್ದೆಲ್ಲ ಮೊದಲ ಸ್ಪ್ಯಾನಿನಲ್ಲೇ ನಿಲ್ಲುತ್ತದೆ.

ಎಳೆಯುವಾಗ ತಂತಿಯನ್ನು ಕಚ್ಚಿ ಹಿಡಿಯುವ ಕಮ್ ಅಲಾಂಗ್ ಕ್ಲಾಂಪ್ ತಂತಿಯ ಅಳತೆಯದ್ದೇ ಇರಲಿ, ದೊಡ್ಡದಾದರೆ ಹೊರಗಿನ ಎಳೆ ಸುಲಿಯುತ್ತದೆ. ಎದುರುಬದುರು ಇರುವ ಹೊರ ಫೇಸ್‌ಗಳನ್ನು ಜೊತೆಯಾಗಿ, ಸಮವಾಗಿ ಎಳೆದರೆ ಕ್ರಾಸ್ ಆರ್ಮ್ ತಿರುಗುವುದಿಲ್ಲ. ಮೂರೂ ಫೇಸ್ ಒಂದೇ ಬಿಸಿಯಲ್ಲಿ ಮುಗಿಯಲಿ; ಎರಡನ್ನು ಬೆಳಿಗ್ಗೆ, ಒಂದನ್ನು ಊಟದ ಮೇಲೆ ಎಳೆದರೆ ಮತ್ತೆ ಬಡಿದಾಟದ ದೋಷ. ಬೈಂಡಿಂಗ್ ಕಟ್ಟುವ ಮೊದಲು ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಗುರಿ ನೋಡಿ.

ರಿಜಿಸ್ಟರ್‌ನಲ್ಲಿ ಕಂಬದ ನಂಬರ್, ಸ್ಪ್ಯಾನ್, ತಂತಿಯ ಜಾತಿ, ತಂತಿಯ ಬಿಸಿ, ಪ್ರತಿ ಫೇಸಿನ ಜೋಲು ಬರೆಯಿರಿ. ಹೊಸದಾಗಿ ಹೂತ ಸ್ಟೇ ಮತ್ತು ಕಂಬದ ಬುಡವನ್ನು ಮೊದಲ ದೊಡ್ಡ ಮಳೆ ಆದ ಮೇಲೆ ನೋಡಿ, ಮಣ್ಣು ಕುಸಿದಿದ್ದರೆ ದಮ್ಮಸು ಮಾಡಿ, ಸ್ಟೇ ಬಿಗಿಸುವ ತಿರುಪಾದ ಟರ್ನ್‌ಬಕಲ್ ಬಿಗಿಯಿರಿ. ಟರ್ನ್‌ಬಕಲ್‌ನಲ್ಲಿ ತಿರುಗಿಸಲು ಇನ್ನು ತಿರುಪಿನ ಸುತ್ತೇ ಉಳಿದಿಲ್ಲವಾದರೆ ಸ್ಟೇ ತಂತಿಯನ್ನು ಹೊಸದಾಗಿ ಕಟ್ಟಬೇಕು.